ಬೆಂಗೇರಿಯ ಖಾದಿ ರಾಷ್ಟ್ರಧ್ವಜ: ಅರಿವೆ, ಬೆಲೆ ಮತ್ತು ಉದ್ಯಮದ ನೀತಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾದ 900×600 ಮಿಲಿಮೀಟರ್ ಅಳತೆಯ, ಅಂದರೆ ಸುಮಾರು ಮೂರು ಅಡಿ ಉದ್ದ, ಎರಡು ಅಡಿ ಅಗಲದ ರಾಷ್ಟ್ರಧ್ವಜವನ್ನು ನಮ್ಮ ಶಾಲೆಗೆ ಕೊಂಡು ಬಳಸುತ್ತಿದ್ದೇವೆ. ಪೇಟೆಯಲ್ಲಿ ಕೊಂಡ ಪಾಲಿಯೆಸ್ಟರ್ ಧ್ವಜವನ್ನು ಅದರ ಪಕ್ಕದಲ್ಲಿ ಹರಡಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಖಾದಿಯದಕ್ಕೆ ಬೆಲೆ ಹೆಚ್ಚು, ತೂಕವೂ ಹೆಚ್ಚು. ಆದರೂ ಶಾಲೆ, ಪಂಚಾಯಿತಿ, ಸಂಘ ಸಂಸ್ಥೆಗಳು ಕೊಳ್ಳಬೇಕಾದದ್ದು ಇದನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣ ಈ ವಸ್ತು ತಯಾರಾಗುವ ಬಗೆಯಲ್ಲಿದೆ.

ಮೊದಲು ವಸ್ತುವಿನ ಮಾತು. ಬೆಳಕಿಗೆ ಹಿಡಿದರೆ ಕೈನೂಲಿನ ಎಳೆಗಳ ಸಣ್ಣ ಏರುಪೇರು ಕಾಣುತ್ತದೆ, ಆದರೆ ನೇಯ್ಗೆ ಎಲ್ಲಿಯೂ ಸಡಿಲವಾಗಿಲ್ಲ. ಅಶೋಕ ಚಕ್ರದ 24 ಅರೆಗಳು ಎರಡೂ ಬದಿಯಲ್ಲಿ ಸ್ಪಷ್ಟವಾಗಿ ಮೂಡಿವೆ, ಮತ್ತು ಒಂದು ಬದಿಯ ಚಕ್ರ ಇನ್ನೊಂದು ಬದಿಯ ಚಕ್ರದ ಮೇಲೆ ಸರಿಯಾಗಿ ಕೂತಿದೆ. ಹಗ್ಗ ಹಾಯುವ ಪಟ್ಟಿಗೆ ಬೇರೆಯೇ ದಪ್ಪ ಖಾದಿಯನ್ನು ಬಳಸಿದ್ದಾರೆ. ಗಾಳಿಯ ಎಳೆತವೆಲ್ಲ ಬೀಳುವುದು ಅಲ್ಲಿಯೇ ಆದ್ದರಿಂದ ಧ್ವಜದ ಆಯುಷ್ಯವನ್ನು ನಿರ್ಧರಿಸುವ ಭಾಗವೂ ಅದೇ. ನಾವು ಕೊಂಡಿದ್ದ ಪಾಲಿಯೆಸ್ಟರ್ ಧ್ವಜದಲ್ಲಿ ಚಕ್ರ ಮಧ್ಯದಿಂದ ಸರಿದಿತ್ತು, ಕೇಸರಿ ಕೆಂಪಿಗೆ ತಿರುಗಿತ್ತು, ಉದ್ದ ಮತ್ತು ಅಗಲ 3:2ರ ಪ್ರಮಾಣದಲ್ಲಿರಲಿಲ್ಲ. ರಾಷ್ಟ್ರಧ್ವಜದ ಬಳಕೆಯ ನಿಯಮಗಳಾದ ಧ್ವಜ ಸಂಹಿತೆ ಅರಿವೆಯ ವಿಷಯದಲ್ಲಿ ಸಡಿಲಗೊಂಡಿದೆಯೇ ಹೊರತು ಈ ಪ್ರಮಾಣದಲ್ಲಿ ಅಲ್ಲ, ಆದ್ದರಿಂದ ಅಂಥದನ್ನು ಏರಿಸುವುದು ಇಂದಿಗೂ ನಿಯಮಕ್ಕೆ ವಿರುದ್ಧವೇ.

ಸಂಘ ಸ್ಥಾಪನೆಯಾದದ್ದು 1957ರ ನವೆಂಬರ್ 1ರಂದು, ಗಾಂಧಿವಾದಿಗಳ ಒಂದು ಗುಂಪಿನಿಂದ. ಧ್ವಜ ತಯಾರಿಕೆಗೆ, ವಸ್ತುಗಳ ಗುಣಮಟ್ಟವನ್ನು ನಿಗದಿಪಡಿಸುವ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪರವಾನಗಿ ಸಿಕ್ಕಿದ್ದು 2006ರಲ್ಲಿ. ಆ ಬ್ಯೂರೋದ ಮುದ್ರೆಯಿದ್ದ ಖಾದಿ ಧ್ವಜ ಬಹುಕಾಲ ದೇಶದಲ್ಲಿ ಬೇರೆಲ್ಲಿಯೂ ತಯಾರಾಗುತ್ತಿರಲಿಲ್ಲ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುವ ಬಟ್ಟೆಗೆ ಬೆಂಗೇರಿಯಲ್ಲಿ ಬಣ್ಣ ಕಟ್ಟಿ, ಚಕ್ರ ಮುದ್ರಿಸಿ, ಹೊಲಿಯುತ್ತಾರೆ, ಮತ್ತು ಈ ಕೆಲಸಗಾರರಲ್ಲಿ ಬಹುಪಾಲು ಮಹಿಳೆಯರು. ಮೇಜಿನ ಮೇಲಿಡುವ 150×100 ಮಿಲಿಮೀಟರಿನಿಂದ ಹಿಡಿದು 6300×4200 ಮಿಲಿಮೀಟರಿನವರೆಗೆ ನಿಗದಿತ ಅಳತೆಗಳು ಒಂಬತ್ತು. ನೂಲು, ನೇಯ್ಗೆ, ಬಣ್ಣದ ಛಾಯೆ, ಹೊಲಿಗೆ ಎಲ್ಲಕ್ಕೂ ಮಾನಕ ಲೆಕ್ಕ ಹಾಕಿಟ್ಟಿದೆ. ಅಂದರೆ ಇಲ್ಲಿ ನೀತಿ ಎಂಬುದು ಉದ್ಯಮಿಯ ಒಳ್ಳೆಯತನಕ್ಕೆ ಬಿಟ್ಟ ಸಂಗತಿಯಾಗಿಲ್ಲ; ಅದನ್ನು ಅಳೆಯಬಹುದು, ತಪ್ಪಿದರೆ ಮಾಲನ್ನು ತಿರಸ್ಕರಿಸಬಹುದು.

ಇಂಥ ನಿಯಮಗಳು ಹೊಸತನವನ್ನು ಕೊಲ್ಲುತ್ತವೆ ಎಂಬ ಮಾತನ್ನು ಉದ್ಯಮಶೀಲತೆಯ ತರಬೇತಿಗಳಲ್ಲಿ ಆಗಾಗ ಕೇಳುತ್ತೇವೆ. ಖಾದಿಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1929ರಲ್ಲಿ ಅಖಿಲ ಭಾರತ ಚರಕ ಸಂಘವು ಉತ್ತಮ ಚರಕವೊಂದನ್ನು ಕಂಡುಹಿಡಿದವರಿಗೆ ಒಂದು ಲಕ್ಷ ರೂಪಾಯಿಯ ಬಹುಮಾನ ಘೋಷಿಸಿತು. ಯಂತ್ರ ಹಳ್ಳಿಯ ಮನೆಯಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು, ಹೆಣ್ಣುಮಗಳೊಬ್ಬಳು ಹೆಚ್ಚು ದಣಿಯದೆ ಎಂಟು ತಾಸು ನೂಲುವಂತಿರಬೇಕು, ಬೆಲೆ 150 ರೂಪಾಯಿ ಮೀರಬಾರದು ಎಂಬುವು ಅದರ ಷರತ್ತುಗಳಲ್ಲಿ ಕೆಲವು. ಉತ್ಪಾದನೆ ಹೆಚ್ಚಬೇಕೆಂಬ ಆಸೆ ಅದರಲ್ಲಿ ಇತ್ತು, ಆದರೆ ದುಡಿಯುವವಳ ದೇಹ ಮತ್ತು ಜೇಬು ಎರಡನ್ನೂ ಷರತ್ತಿನೊಳಗೆ ತಂದು ಆಮೇಲೆ ಜಾಣ್ಮೆಯನ್ನು ಆಹ್ವಾನಿಸಿದ್ದರು. ಹೊಸ ಉದ್ಯಮ ಕಟ್ಟಲು ಹೊರಟ ನಮ್ಮ ಹುಬ್ಬಳ್ಳಿ-ಧಾರವಾಡದ ಯುವಕರಿಗೆ ಆ ಷರತ್ತುಗಳ ಪಟ್ಟಿಯನ್ನು ಪಾಠವಾಗಿ ಇಡಬೇಕು ಎಂದು ನನಗೆ ಅನ್ನಿಸುತ್ತದೆ.

ಬೇರೆ ಸಂಸ್ಕೃತಿಗಳಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳ ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಯ ಬಟ್ಟೆಗೆ ಬ್ರಿಟಿಷ್ ಸಂಸತ್ತು 1993ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು: ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು ಆ ದ್ವೀಪಗಳಲ್ಲೇ ಆಗಬೇಕು, ನೇಯ್ಗೆ ದ್ವೀಪವಾಸಿಗಳ ಮನೆಯಲ್ಲಿ ಕೈಮಗ್ಗದಿಂದಲೇ ನಡೆಯಬೇಕು. ಅದೇ ದಶಕದಲ್ಲಿ ಅಲ್ಲಿಗೆ ಎರಡು ಪಟ್ಟು ಅಗಲದ ಬಟ್ಟೆ ನೇಯುವ ಹೊಸ ಮಗ್ಗಗಳು ಬಂದವು. ನೇಕಾರ ಸೈಕಲ್ಲಿನಂತೆ ತುಳಿದು ಅವನ್ನು ನಡೆಸುತ್ತಾನೆ. ಮಗ್ಗ ಬದಲಾಯಿತು, ಶಕ್ತಿ ಮಾತ್ರ ಮನುಷ್ಯನದೇ ಆಗಿ ಉಳಿಯಿತು. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ಆ ಸಮಾಜ ಮೊದಲೇ ಬರೆದಿಟ್ಟುಕೊಂಡಿತ್ತು.

ನಾವು ಅದಕ್ಕೆ ವಿರುದ್ಧವಾದ ದಾರಿ ಹಿಡಿದೆವು. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ, ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ಸಿಕ್ಕಿತು. ಧ್ವಜ ಹಾರಿಸುವುದು ಪ್ರಜೆಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದ ಮೇಲೆ ಬಡವನ ಕೈಗೆಟುಕುವ ಧ್ವಜವೂ ಬೇಕು ಎಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಖಾದಿಗೆ ಯಾವ ರಕ್ಷಣೆಯನ್ನೂ ಉಳಿಸದೆ ಬಾಗಿಲು ತೆರೆದದ್ದರಿಂದ ಪೇಟೆಯಲ್ಲಿ ಬೆಲೆಯೊಂದೇ ಅಳತೆಗೋಲಾಯಿತು, ಬೆಂಗೇರಿಯ ಬೇಡಿಕೆ ಕುಸಿಯಿತು. ಕನಿಷ್ಠ ಸರ್ಕಾರಿ ಕಟ್ಟಡಗಳ ಮೇಲಾದರೂ ಖಾದಿಯನ್ನೇ ಕಡ್ಡಾಯವಾಗಿ ಉಳಿಸಬಹುದಿತ್ತು. ಇನ್ನೊಂದು ತೊಡಕನ್ನು ಯಾರೂ ಗಂಭೀರವಾಗಿ ನೋಡಿದಂತಿಲ್ಲ: ಹರಿದ ಧ್ವಜವನ್ನು ಏಕಾಂತದಲ್ಲಿ, ಸಾಧ್ಯವಾದರೆ ಸುಟ್ಟು, ಗೌರವದಿಂದ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ. ಹತ್ತಿ ಸುಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಹೊಗೆಯಾಡಿ, ಗಟ್ಟಿ ಮುದ್ದೆಯಾಗುತ್ತದೆ.

ಖಾದಿ ಧ್ವಜದ ಕೊರತೆಗಳನ್ನೂ ಹೇಳಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅದು ನೆನೆದು ಕಂಬಕ್ಕೆ ಅಂಟಿಕೊಳ್ಳುತ್ತದೆ, ಒಣಗಲು ತಡವಾಗುತ್ತದೆ, ಸಣ್ಣ ಗಾಳಿಗೆ ಬಿಚ್ಚಿಕೊಳ್ಳುವುದಿಲ್ಲ. ದಿನವೂ ಏರಿಸುವ ಕಚೇರಿಗೆ ಒಂದೇ ಧ್ವಜ ಸಾಲದು. ಇದಕ್ಕಿಂತ ದೊಡ್ಡ ಕೊರತೆ ಇಡೀ ಖಾದಿ ವ್ಯವಸ್ಥೆಯದು. ಖಾದಿ ಆಯೋಗ ಒಂದು ಲಡಿ (ಸುತ್ತಿದ ನೂಲಿನ ಕಟ್ಟು) ನೂಲಿನ ಕೂಲಿಯನ್ನು 10 ರೂಪಾಯಿಯಿಂದ 12.50ಕ್ಕೆ ಏರಿಸಿದ್ದು 2024ರ ಅಕ್ಟೋಬರಿನಲ್ಲಿ, 15ಕ್ಕೆ ಏರಿಸಿದ್ದು 2025ರ ಏಪ್ರಿಲಿನಲ್ಲಿ. ನೂಲುವವರ ಕೂಲಿ ಈ ಮಟ್ಟದಲ್ಲಿದ್ದರೆ ನೀತಿಯ ಹೆಸರಿನಲ್ಲಿ ನಾವು ಕೊಡುವ ಹೆಚ್ಚಿನ ಬೆಲೆ ಅವರ ಒಲೆಯವರೆಗೆ ಎಷ್ಟು ತಲುಪುತ್ತದೆ ಎಂದು ಕೊಳ್ಳುವವರು ಕೇಳಲೇಬೇಕು, ಮತ್ತು ಆ ಪ್ರಶ್ನೆಯನ್ನು ಕೇಳುವ ಹಕ್ಕು ಖಾದಿ ಕೊಂಡವರಿಗೆ ಎಲ್ಲರಿಗಿಂತ ಹೆಚ್ಚಾಗಿ ಇದೆ.

ಕೊಳ್ಳುವವರಿಗೆ ಒಂದೆರಡು ಸೂಚನೆಗಳು. ಸಾಮಾನ್ಯ ಶಾಲೆಯ ಕಂಬಕ್ಕೆ 900×600 ಸಾಕು. ಎತ್ತರದ ಕಂಬವಿದ್ದರೆ 1350×900 ಒಪ್ಪುತ್ತದೆ. ಮಾನಕದ ಮುದ್ರೆಯನ್ನು ನೋಡಿಯೇ ಹಣ ಕೊಡಬೇಕು. ಆಗಸ್ಟ್ ಸಮೀಪಿಸಿದಂತೆ ಬೇಡಿಕೆ ಏರುವುದರಿಂದ ಜೂನ್ ತಿಂಗಳಿನಲ್ಲಿಯೇ ಕೊಂಡಿಡುವುದು ಒಳ್ಳೆಯದು, ಮತ್ತು ಹಳೆಯ ಧ್ವಜ ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಮಳೆಗಾಲದ ದಿನಗಳಿಗೆ ಜೋಡಿಯಾಗಿ ಉಳಿಸಿಕೊಳ್ಳಬಹುದು.