ಗೌಜಲಿಗೆ ಯಾವ ಫೀಡ್, ನಾಟಿ ಮರಿಗೆ ಯಾವುದು

ನಮ್ಮ ಹಿತ್ತಲಲ್ಲಿ ನಾಟಿ ಕೋಳಿಯೂ ಇದೆ, ಗೌಜಲೂ ಇದೆ. ಎರಡಕ್ಕೂ ಒಂದೇ ಚೀಲ ಸುರಿದರೆ ಕೆಲಸ ಹಗುರ ಅಂತ ಮೊದಲು ಕಾಕ್ಸಿ (ಹಿಕ್ಕೆಯಲ್ಲಿ ರಕ್ತ ಬರಿಸುವ ಕರುಳಿನ ರೋಗ) ಔಷಧ ಬೆರೆಸಿದ ಬ್ರಾಯ್ಲರ್ ಸ್ಟಾರ್ಟರ್, ಅಂದರೆ ಮಾಂಸದ ಕೋಳಿಮರಿಗೆ ಮೊದಲು ಹಾಕುವ ಫೀಡ್, ತಂದೆ. ಮುಂದಿನ ಬ್ಯಾಚಿಗೆ ಔಷಧವಿಲ್ಲದ ಫೀಡ್ ಹಾಕಿ, ಬೇಕಾದಾಗ ಮಾತ್ರ ನೀರಿಗೆ ಕಾಕ್ಸಿಯದೇ ಔಷಧವಾದ ಆಂಪ್ರೋಲಿಯಂ ಪುಡಿ ಅಂತ ಲೆಕ್ಕ ಹಾಕಿದೆ.

ನಾಟಿ ಮರಿಗಳಲ್ಲಿ ಔಷಧದ ಫೀಡೇ ಗೆದ್ದಿತು. ಅವು ಬೆಳೆಯುವುದು ನೆಲದ ಮೇಲೆ, ಭತ್ತದ ಹೊಟ್ಟಿನ ಹಾಸಿನಲ್ಲಿ. ಮಳೆಗಾಲದಲ್ಲಿ ಹೊಟ್ಟು ಒದ್ದೆಯಾಯಿತೋ, ಹಿಕ್ಕೆಯಲ್ಲಿನ ರೋಗಾಣು ಒಂದೆರಡು ದಿನದಲ್ಲೇ ಬಲಿತು ಮರಿಗಳ ಹೊಟ್ಟೆ ಸೇರಲು ತಯಾರು. ಔಷಧವಿಲ್ಲದ ಬ್ಯಾಚಿನಲ್ಲಿ ಮೂರನೇ ವಾರ ಹಿಕ್ಕೆ ರಕ್ತವಾಯಿತು. ಮಂಕಾದ ಮರಿ ಫೀಡ್ ಮುಟ್ಟದಿದ್ದರೂ ನೀರು ಕುಡಿಯುತ್ತದೆ, ಹಾಗಾಗಿ ಕಾಯಿಲೆ ಬಂದ ಮೇಲೆ ನೀರಿನ ಔಷಧವೇ ಸರಿ. ನಾನು ಮಾಡಿದ ದಡ್ಡ ಕೆಲಸವೆಂದರೆ, ಮರಿಗೆ ಶಕ್ತಿ ಬರಲಿ ಅಂತ ಅದೇ ನೀರಿಗೆ ಬಿ ಕಾಂಪ್ಲೆಕ್ಸ್ ಟಾನಿಕ್ಕನ್ನೂ ಸುರಿದದ್ದು. ಆಂಪ್ರೋಲಿಯಂ ನೋಡಲು ಬಿ1 ವಿಟಮಿನ್ನಿನ ಹಾಗೇ ಇದ್ದು, ರೋಗಾಣುವಿಗೆ ಆ ವಿಟಮಿನ್ ಸಿಗದಂತೆ ಅಡ್ಡ ನಿಲ್ಲುತ್ತದೆ. ನಾನೇ ಬಿ1 ಉಣಿಸಿದರೆ ಇನ್ನೇನು! ಆರು ಮರಿ ಹೋದವು. ಈಗ ಔಷಧ ನಿಲ್ಲಿಸಿದ ಮೇಲಷ್ಟೇ ಟಾನಿಕ್.

ಗೌಜಲಿನ ಕಥೆಯೇ ಬೇರೆ. ತಂತಿ ಬಲೆಯ ಪಂಜರ, ಹಿಕ್ಕೆ ಕೆಳಗಿನ ತಟ್ಟೆಗೆ ಬೀಳುತ್ತದೆ. ಕೋಳಿಯ ಕಾಕ್ಸಿ ಗೌಜಲಿಗೆ ಅಂಟುವುದೂ ಇಲ್ಲ, ಆಯಾ ಹಕ್ಕಿಯದು ಆಯಾ ಹಕ್ಕಿಗೇ. ಎರಡೂ ಫೀಡಿನಲ್ಲಿ ಸತ್ತ ಲೆಕ್ಕ ಹೆಚ್ಚುಕಡಿಮೆ ಒಂದೇ, ಅದರಲ್ಲೂ ಬಹುಪಾಲು ಮೊದಲ ವಾರ ನೀರಿನ ತಟ್ಟೆಗೆ ಬಿದ್ದವು. ಏಳೆಂಟು ಗ್ರಾಂ ತೂಗುವ ಮರಿಗೆ ತಟ್ಟೆಯಲ್ಲಿ ನಾಲ್ಕು ಗೋಲಿ ಹಾಕಿದ್ದರೆ ಸಾಕಿತ್ತು.

ತೂಕದಲ್ಲಿ ವ್ಯತ್ಯಾಸ ತಂದದ್ದು ಪ್ರೋಟೀನು. ಗೌಜಲಿಗೆ ಮೊದಲ ಮೂರು ವಾರ ಶೇ. 24ರಿಂದ 27ರಷ್ಟು ಬೇಕು, ಬ್ರಾಯ್ಲರ್ ಸ್ಟಾರ್ಟರಿನಲ್ಲಿರುವುದು 22ರ ಆಸುಪಾಸು. ಔಷಧವಿಲ್ಲದ ಫೀಡಿಗೆ ಸೋಯಾ ಹಿಂಡಿ ಸೇರಿಸಿ ಸಣ್ಣಗೆ ಬೀಸಿ ಕೊಟ್ಟ ಬ್ಯಾಚು ಐದನೇ ವಾರಕ್ಕೆ 190 ಗ್ರಾಂ ದಾಟಿತು, ಇನ್ನೊಂದು 165ಕ್ಕೇ ನಿಂತಿತು. ಆರು ವಾರಕ್ಕೆಲ್ಲ ಮೊಟ್ಟೆ ಇಡುವ ಹಕ್ಕಿಗೆ ಔಷಧದ ಚೀಲ ಮುಂದುವರಿಸಲು ನನಗಂತೂ ಮನಸ್ಸಿಲ್ಲ.

ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಚೀಲದ ಚೀಟಿ ಮಾತ್ರ ಓದಿ: ಸಲಿನೋಮೈಸಿನ್ (ಫೀಡಿಗೆ ಬೆರೆಸುವ ಕಾಕ್ಸಿ ಔಷಧ) ಅಂತಿದ್ದರೆ ಟರ್ಕಿಯ ಹತ್ತಿರ ಸುಳಿಯಗೊಡಬೇಡಿ, ಅದಕ್ಕೆ ವಿಷ. ಕುದುರೆಗೂ ಅಷ್ಟೇ.