ಬಾಕ್ಸ್, ಬ್ರೇಕ್, ಬಿಡಿ ಕಾರ್ಡ್: ಮೂರಕ್ಕೂ ದುಡ್ಡು ಹಾಕಿ ನೋಡಿದೆ

ಡಲ್ಲಾಸ್ ಪಕ್ಕದ ಅರ್ವಿಂಗ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಕ್ರಿಕೆಟ್ ನೋಡಿಕೊಂಡು ಬೆಳೆದವನಿಗೆ ಅಮೆರಿಕನ್ ಫುಟ್‌ಬಾಲ್ ಮೊದಲು ತಲೆಬುಡ ತಿಳಿಯಲಿಲ್ಲ. ಈಗ ಭಾನುವಾರ ನಮ್ಮ ಡಲ್ಲಾಸ್ ತಂಡ ಕೌಬಾಯ್ಸ್‌ನ ಆಟ ಇದ್ದರೆ ಊರಿಂದ ಬಂದ ಫೋನೂ ಎತ್ತುವುದಿಲ್ಲ. ಆಟದ ಹಿಂದೆಯೇ ಆಟಗಾರರ ಚಿತ್ರದ ಕಾರ್ಡ್ ಕೂಡಿಡುವ ಹುಚ್ಚೂ ಹತ್ತಿತು. ನೀರಿನ ಗುಣವೂ ಇರಬಹುದು. ಈ ಕಾರ್ಡ್ ಮಾಡುವ ಪಾನಿನಿ ಅಮೆರಿಕ ಕಂಪನಿ ಇರುವುದು ಇದೇ ಅರ್ವಿಂಗ್‌ನಲ್ಲಿ. ಕಾರ್ಡಿನ ಸ್ಥಿತಿ ನೋಡಿ ಅಂಕ ಹಾಕುವ ಬೆಕೆಟ್ ಕಂಪನಿ ಕೂಡ ಡಲ್ಲಾಸ್ ಕಡೆಯದೇ. ಸ್ವಲ್ಪ ಉತ್ತರಕ್ಕೆ ಹೋದರೆ ಆಲನ್‌ನಲ್ಲಿ ದೊಡ್ಡ ಕಾರ್ಡ್ ಶೋ.

ಚಿಕ್ಕವನಿದ್ದಾಗ ಬೆಂಕಿಪೊಟ್ಟಣದ ಚಿತ್ರ ಕೂಡಿಟ್ಟಿದ್ದೆ, ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡಿಗೆ ಜಗಳ ಆಡಿದ್ದೆ. ಇದೂ ಅದೇ ಚಟ, ಸೊನ್ನೆ ಮಾತ್ರ ಜಾಸ್ತಿ. ಎಷ್ಟು ಜಾಸ್ತಿ ಅಂದರೆ, ಕಾನ್ಸಾಸ್ ಸಿಟಿ ತಂಡದ ತಾರೆ ಪ್ಯಾಟ್ರಿಕ್ ಮಹೋಮ್ಸ್‌ನ 2017ರ ಕಾರ್ಡ್ ಒಂದು, ಪಾನಿನಿಯ ದುಬಾರಿ ಸರಣಿ ನ್ಯಾಷನಲ್ ಟ್ರೆಷರ್ಸ್‌ನದು, 2021ರಲ್ಲಿ 43 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಮೂವತ್ತು ಕೋಟಿ ರೂಪಾಯಿಗೂ ಮೇಲೆ. ಅಂಥದ್ದು ಪ್ರಪಂಚದಲ್ಲಿ ಅದೊಂದೇ. ಅವನ ಸಹಿ ಇದೆ, ಜೆರ್ಸಿಯ ಮೇಲಿನ, ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಗುರುತಿನ ಬಟ್ಟೆ ಅದರೊಳಗೆ ಕೂತಿದೆ.

ನನ್ನ ಯೋಗ್ಯತೆ ಅಲ್ಲಿಗೆ ಮುಟ್ಟುವುದಿಲ್ಲ ಬಿಡಿ. ಆದರೆ ದುಬಾರಿ ಕಾರ್ಡಿನ ಲೋಕಕ್ಕೆ ಕಾಲಿಡಲು ಮೂರು ದಾರಿ ಇವೆ. ಮುಚ್ಚಿದ ಬಾಕ್ಸ್ ಕೊಂಡು ಒಡೆಯುವುದು, ಹಲವರು ಪಾಲು ಹಾಕಿ ಒಡೆಸುವ ಬ್ರೇಕ್‌ಗೆ ಸೇರುವುದು, ಬೇರೆಯವರು ಒಡೆದು ತೆಗೆದ ಬಿಡಿ ಕಾರ್ಡ್ ಕೊಳ್ಳುವುದು. ಮೂರನ್ನೂ ಮಾಡಿ ನೋಡಿದೆ.

ಮೊದಲು ಬಾಕ್ಸ್. ನಾನು ಕೊಂಡದ್ದು ನ್ಯಾಷನಲ್ ಟ್ರೆಷರ್ಸ್. ಸಾವಿರ ಡಾಲರ್ ದಾಟಿತು, ಮನೆಯಲ್ಲಿ ಹೇಳಿದ್ದು ಅದರ ಅರ್ಧ. ಒಳಗೆ ಎಂಟೇ ಎಂಟು ಕಾರ್ಡ್. ಒಂದೊಂದೂ ಬಿಸ್ಕತ್ತಿನಷ್ಟು ದಪ್ಪ. ಇಲ್ಲಿ ಎಲ್ಲರೂ ಬಾಯಿ ಬಿಟ್ಟುಕೊಂಡು ಕಾಯುವುದು ಆರ್‌ಪಿಎಗೆ. ಅಂದರೆ ಹೊಸ ಆಟಗಾರ, ಅವನ ಜೆರ್ಸಿಯ ತುಂಡು, ಅವನ ಸಹಿ, ಮೂರೂ ಒಂದೇ ಕಾರ್ಡಿನಲ್ಲಿ. ಮುಖ್ಯವಾದ ಆರ್‌ಪಿಎ 99 ಪ್ರತಿ ಮಾತ್ರ, ಮೇಲೆ ನಂಬರ್ ಹೊಡೆದಿರುತ್ತಾರೆ. ಒಡೆಯುವ ಆ ಐದು ನಿಮಿಷಕ್ಕೆ ಸಾಟಿಯೇ ಇಲ್ಲ, ಇದನ್ನು ಒಪ್ಪಲೇಬೇಕು. ಕೈ ಸಣ್ಣಗೆ ನಡುಗುತ್ತಿತ್ತು. ನನಗೂ ಆರ್‌ಪಿಎ ಬಂತು. ಆದರೆ ಅವನು ವೈಡ್ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು. ತಂಡಗಳು ವರ್ಷಕ್ಕೊಮ್ಮೆ ಹೊಸಬರನ್ನು ಸರದಿಯಂತೆ ಆರಿಸುವಾಗ ಮೂರನೇ ಸುತ್ತಿನಲ್ಲಿ ಆಯ್ಕೆಯಾದವನು. ಈ ಲೋಕದಲ್ಲಿ ಬೆಲೆ ಇರುವುದು ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ, ಉಳಿದವರೆಲ್ಲ ಪಕ್ಕವಾದ್ಯ. ಎಂಟೂ ಮಾರಿದರೆ ಹಾಕಿದ್ದರ ಮೂರನೇ ಒಂದು ಭಾಗ ಬರುತ್ತಿತ್ತು. ಏಳು ಮಾರಿದೆ. ಆರ್‌ಪಿಎ ಇಟ್ಟುಕೊಂಡಿದ್ದೇನೆ, ಸುಮ್ನೆ.

ಆ ಜೆರ್ಸಿ ತುಂಡಿನ ಬಗ್ಗೆ ಒಂದು ಮಾತು. ಪಂದ್ಯದ ಬೆವರು ಕುಡಿದ ಬಟ್ಟೆ ಅಂತ ನಾನು ಅಂದುಕೊಂಡಿದ್ದೆ. ಹೊಸ ಆಟಗಾರರ ಕಾರ್ಡಿನಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಅವರು ಇನ್ನೂ ಒಂದು ಪಂದ್ಯವೂ ಆಡಿರುವುದಿಲ್ಲ, ಅಲ್ವಾ? ಆಟಗಾರರ ಸಂಘ ಹೊಸಬರನ್ನೆಲ್ಲ ಒಂದು ಕಡೆ ಸೇರಿಸಿ, ಫೋಟೋ ತೆಗೆಸಿ, ಜೆರ್ಸಿ ತೊಡಿಸುತ್ತದೆ. ಕಾರ್ಡಿಗೆ ಬರುವುದು ಅಂಥ ಜೆರ್ಸಿ. ಕಾರ್ಡಿನ ಹಿಂಭಾಗ ಓದಿ. ಪಂದ್ಯದಲ್ಲಿ ತೊಟ್ಟಿದ್ದು ಅಂತಿದೆಯೋ, ಬರೀ ಆಟಗಾರ ತೊಟ್ಟಿದ್ದು ಅಂತಿದೆಯೋ, ಯಾವ ಪಂದ್ಯಕ್ಕೂ ಸಂಬಂಧವಿಲ್ಲ ಅಂತಿದೆಯೋ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಷ್ಟಾದರೂ ಮೂರು ಬಣ್ಣದ ತುಂಡಿಗೆ ಬರೀ ಬಿಳಿ ತುಂಡಿಗಿಂತ ಬೆಲೆ ಜಾಸ್ತಿ. ಹಾಗಾಗಿ ಬಿಳಿ ತುಂಡು ಕಿತ್ತು ಬಣ್ಣದ್ದು ಅಂಟಿಸುವ ಕಳ್ಳರೂ ಇದ್ದಾರೆ. ಬಿಡಿಯಾಗಿ ಕೊಳ್ಳುವಾಗ ಅದೇ ನಂಬರಿನ ಕಾರ್ಡಿನ ಹಳೆಯ ಫೋಟೋ ಹುಡುಕಿ ಹೋಲಿಸಿ ನೋಡುವುದು ಕ್ಷೇಮ.

ಎರಡನೆಯದು ಬ್ರೇಕ್. ಮದ್ದೂರಿನ ಗೆಳೆಯ ಒಬ್ಬನಿದ್ದಾನೆ, ಈಗ ಪ್ಲೇನೋದಲ್ಲಿ ಮನೆ. ಅವನು ಇದನ್ನು ಒಂದೇ ಮಾತಿನಲ್ಲಿ ವಿವರಿಸಿದ: "ಗುಡ್ಡೆ ಬಾಡು ಕಣೋ ಗುರು." ಹತ್ತು ಜನ ದುಡ್ಡು ಹಾಕಿ ಒಂದು ಮರಿ ಕಡಿದು ಪಾಲು ಹಾಕಿಕೊಳ್ಳುವ ಹಾಗೆ, ಇಲ್ಲಿ ಹಲವರು ಸೇರಿ ದುಬಾರಿ ಬಾಕ್ಸ್ ತರಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತಂಡ. ಬಾಕ್ಸನ್ನು ಕ್ಯಾಮೆರಾ ಮುಂದೆ ಒಡೆಯುತ್ತಾರೆ, ನಿಮ್ಮ ತಂಡದ ಕಾರ್ಡ್ ಬಂದರೆ ನಿಮ್ಮದು.

ಆದರೆ ಗುಡ್ಡೆ ಬಾಡಿನಲ್ಲಿ ಎಲ್ಲರಿಗೂ ಸಮಪಾಲು. ಇಲ್ಲಿ ಒಬ್ಬನಿಗೆ ಇಡೀ ತೊಡೆ, ಇನ್ನೊಬ್ಬನಿಗೆ ಬರೀ ಎಲೆ. ನಾನು ಸೇರಿದ ಬ್ರೇಕಿನಲ್ಲಿ ನಾಲ್ಕು ಬಾಕ್ಸ್, ತಲಾ ಎಂಟು ಕಾರ್ಡ್. ಒಟ್ಟು ಮೂವತ್ತೆರಡು. ಎನ್‌ಎಫ್‌ಎಲ್‌ನಲ್ಲಿ ತಂಡಗಳೂ ಮೂವತ್ತೆರಡೇ. ಅಂದರೆ ಸರಾಸರಿ ತಂಡಕ್ಕೊಂದು ಕಾರ್ಡ್, ಅದೂ ಹಂಚಿ ಬಂದರೆ. ಕೌಬಾಯ್ಸ್‌ಗೆ 140 ಡಾಲರ್ ಕೊಟ್ಟು ರಾತ್ರಿ ಹನ್ನೊಂದೂವರೆವರೆಗೆ ಕಣ್ಣು ಬಿಟ್ಟುಕೊಂಡು ಕೂತೆ. ಒಂದೂ ಬರಲಿಲ್ಲ. ಅದಕ್ಕಿಂತ ಬೇಜಾರಾಗಿದ್ದು ತಂಡಗಳ ಬೆಲೆ ಕಟ್ಟುವ ರೀತಿ. ಆ ವರ್ಷ ಒಳ್ಳೆಯ ಹೊಸ ಕ್ವಾರ್ಟರ್‌ಬ್ಯಾಕ್ ಇರುವ ತಂಡಕ್ಕೆ ಮೊದಲೇ ಬೆಂಕಿ ಬೆಲೆ. ಎಲ್ಲರ ಪಾಲು ಕೂಡಿಸಿ ನೋಡಿದೆ. ಬಾಕ್ಸಿನ ಅಂಗಡಿ ಬೆಲೆಗಿಂತ ಸಾಕಷ್ಟು ಮೇಲಿತ್ತು. ಒಡೆಯುವವನೂ ಬದುಕಬೇಕಲ್ಲ. ಬ್ರೇಕ್ ಬಗ್ಗೆ ಇದಕ್ಕಿಂತ ಹೇಳುವುದೇನೂ ಇಲ್ಲ.

ಮೂರನೆಯದು ಬಿಡಿ ಕಾರ್ಡ್. ಇದರಲ್ಲೂ ಮೊದಲು ಕೈ ಸುಟ್ಟುಕೊಂಡೆ. ಆನ್‌ಲೈನ್‌ನಲ್ಲಿ ಒಬ್ಬರಿಂದ ಅಂಕ ಹಾಕಿಸದ ಕಾರ್ಡ್ ತರಿಸಿದೆ, ಹೆಸರು ಬೇಡ. ಫೋಟೋದಲ್ಲಿ ಚೆನ್ನಾಗಿತ್ತು. ಕೈಗೆ ಬಂದಾಗ ಒಂದು ಮೂಲೆ ಇಲಿ ಕಡಿದ ಹಾಗಿತ್ತು. ದಪ್ಪ ಕಾರ್ಡಿಗೆ ಅಂಚೇ ಶತ್ರು, ಸ್ವಲ್ಪ ತಾಗಿದರೂ ಬಿಳಿ ಕಾಣಿಸುತ್ತದೆ. ಆಮೇಲಿಂದ ಅಂಕ ಹಾಕಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿದ್ದನ್ನೇ ತೆಗೆದುಕೊಳ್ಳುತ್ತೇನೆ. ಅಂಕ ಹಾಕುವ ಇನ್ನೊಂದು ಕಂಪನಿ ಪಿಎಸ್‌ಎ ಒಂದೇ ಅಂಕ ಕೊಡುತ್ತದೆ, ಮಾರುವಾಗ ಅದಕ್ಕೆ ಗಿರಾಕಿ ಜಾಸ್ತಿ. ಬೆಕೆಟ್‌ನವರು ಚಿತ್ರ ನಡುವೆ ಕೂತಿದೆಯೇ, ಮೂಲೆ, ಅಂಚು, ಮೇಲ್ಮೈ ಅಂತ ನಾಲ್ಕಕ್ಕೂ ಬೇರೆ ಬೇರೆ ಅಂಕ ಬರೆಯುತ್ತಾರೆ. ಮಾರುವ ಯೋಚನೆ ಇಲ್ಲದ ನನ್ನಂಥವನಿಗೆ ಬೆಕೆಟ್ ಇಷ್ಟ. ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಆಲನ್ ಶೋದಲ್ಲಿ ಒಂದು ಮೇಜಿನ ಮುಂದೆ ನಲವತ್ತು ನಿಮಿಷ ನಿಂತು, ಎರಡು ಸಲ ಹೋಗಿ ಬಂದು, ಕೊನೆಗೆ ತೆಗೆದುಕೊಂಡದ್ದು ಟೋನಿ ರೋಮೋನ 2003ರ ಕಾರ್ಡ್, ಪ್ಲೇಆಫ್ ಕಂಟೆಂಡರ್ಸ್ ಅನ್ನುವ ಸರಣಿಯದು. ಐನೂರು ಡಾಲರಿನ ಒಳಗೆ ಬಂತು. ರೋಮೋನನ್ನು ಆ ವರ್ಷದ ಆಯ್ಕೆಯಲ್ಲಿ ಒಂದು ತಂಡವೂ ಕೇಳಲಿಲ್ಲ. ಆಮೇಲೆ ಅವನೇ ಕೌಬಾಯ್ಸ್‌ನ ಕ್ವಾರ್ಟರ್‌ಬ್ಯಾಕ್ ಆದ. ನಾನು ಈ ಊರಿಗೆ ಬಂದಾಗ ಆಡುತ್ತಿದ್ದವನೂ ಅವನೇ. ಈಗ ಟಿವಿಯಲ್ಲಿ ವಿವರಣೆ ಕೊಡುತ್ತಾನೆ. ಈ ಆಟದ ಅತಿ ದೊಡ್ಡ ಹೆಸರಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯದೂ ಹೆಚ್ಚುಕಡಿಮೆ ಇದೇ ಕಥೆ. 2000ದಲ್ಲಿ 199ನೆಯವನಾಗಿ ಆಯ್ಕೆಯಾದ. ಆ ವರ್ಷದ ಕಂಟೆಂಡರ್ಸ್‌ನಲ್ಲಿ ಅವನ ಸಹಿ ಇರುವ ನೂರು ಪ್ರತಿಯ ಚಾಂಪಿಯನ್‌ಶಿಪ್ ಟಿಕೆಟ್ ಅನ್ನುವ ಕಾರ್ಡ್ ಇದೆಯಲ್ಲ, ಅದರಲ್ಲಿ ಒಂದು 2021ರಲ್ಲಿ 31 ಲಕ್ಷ ಡಾಲರಿಗೆ ಹೋಯಿತು. ಕಂಟೆಂಡರ್ಸ್ ಕಾರ್ಡಿಗೆ ಕ್ರೀಡಾಂಗಣದ ಟಿಕೆಟಿನ ರೂಪ. ಬಟ್ಟೆ ಇಲ್ಲ, ಕಲ್ಲು ಇಲ್ಲ. ತೆಳು ಕಾಗದ, ಅದರ ಮೇಲೊಂದು ಸಹಿ.

ಕಲ್ಲು ಅಂದೆನಲ್ಲ, ಅದು ಪಾನಿನಿಯದೇ ಇನ್ನೊಂದು ದುಬಾರಿ ಸರಣಿ ಫ್ಲಾಲೆಸ್‌ನ ವಿಷಯ. ಮದ್ದೂರಿನವನು ನಾಲ್ವರ ಜೊತೆ ಸೇರಿ ಒಂದು ತಂದಿದ್ದ. ಲೋಹದ ಬ್ರೀಫ್‌ಕೇಸ್, ಸಿನಿಮಾದಲ್ಲಿ ಖಳನಾಯಕ ತರುತ್ತಾನಲ್ಲ ಹಾಗೆ. ಒಳಗೆ ಹತ್ತು ಕಾರ್ಡ್. ಹೆಚ್ಚಿನವು 25 ಪ್ರತಿ ಅಥವಾ ಅದಕ್ಕೂ ಕಡಿಮೆ. ಒಂದರಲ್ಲಿ ನಿಜವಾದ ವಜ್ರದ ಚೂರು ಕೂರಿಸಿದ್ದರು. ಅವನ ಹೆಂಡತಿ ಬಂದು ನೋಡಿ, "ಮೂಗುಬಟ್ಟಿಗೂ ಸಾಲಲ್ಲ ಕಣ್ರೀ ಇದು" ಅಂದು ಒಳಗೆ ಹೋದರು.

ಆ ದಿನ ಅವನ ಊಟದ ಮೇಜಿನ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟೆವು. ವಜ್ರದ ಕಾರ್ಡ್, ನನ್ನ ಆರ್‌ಪಿಎ, ರೋಮೋ. ವಜ್ರದ್ದನ್ನು ಎಲ್ಲರೂ ಒಂದು ಸಲ ಎತ್ತಿ ಬೆಳಕಿಗೆ ಹಿಡಿದು ಕೆಳಗಿಟ್ಟರು. ಆರ್‌ಪಿಎ ನೋಡಿ ಒಬ್ಬ ಕೇಳಿದ, "ಇವನು ಈಗ ಯಾವ ತಂಡದಲ್ಲಿದ್ದಾನೆ?" ನನಗೂ ಗೊತ್ತಿರಲಿಲ್ಲ, ಫೋನ್ ತೆಗೆದು ನೋಡಬೇಕಾಯಿತು. ರೋಮೋ ಕಾರ್ಡ್ ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. 2006ರ ಸೀಸನ್ನಿನ ಪ್ಲೇಆಫ್ ಪಂದ್ಯದಲ್ಲಿ ಸಿಯಾಟಲ್ ಎದುರು ಕಿಕ್‌ಗೆ ಚೆಂಡು ಹಿಡಿಯುವಾಗ ಅವನ ಕೈ ಜಾರಿದ್ದನ್ನು ಒಬ್ಬ ನೆನಪಿಸಿದ. ಅದರ ಮೇಲೆ ಅರ್ಧ ಗಂಟೆ ಜಗಳ ನಡೆಯಿತು, ಬಿಸಿಬೇಳೆಬಾತ್ ಆರಿ ಗಟ್ಟಿಯಾಯಿತು.

2016ರಿಂದ ಸುಮಾರು ಹತ್ತು ವರ್ಷ ಎನ್‌ಎಫ್‌ಎಲ್ ಕಾರ್ಡಿನ ಪರವಾನಗಿ ಪಾನಿನಿ ಒಂದರ ಕೈಯಲ್ಲೇ ಇತ್ತು. ಈಗ ಅದು ಇನ್ನೊಂದು ಕಾರ್ಡ್ ಕಂಪನಿ ಟಾಪ್ಸ್ ಕಡೆಗೆ ಹೊರಳಿದೆ. ಹೊಸ ದುಬಾರಿ ಬಾಕ್ಸ್ ಬಂದ ಕೂಡಲೇ ಸೇರೋಣ ಅಂತ ಮದ್ದೂರಿನವನು ಈಗಲೇ ಪಟ್ಟಿ ಮಾಡುತ್ತಿದ್ದಾನೆ. ಒಡೆಯುವ ದಿನ ನೋಡಲು ಬರುತ್ತೇನೆ, ಪಾಲು ಬೇಡ ಅಂದಿದ್ದೇನೆ. ಅದರಲ್ಲಿ ಏನಾದರೂ ಒಳ್ಳೆಯದು ಬಂದರೆ ಅವನಿಂದಲೇ ಬಿಡಿಯಾಗಿ ಕೊಳ್ಳುತ್ತೇನೆ.