ಪ್ರತಿ ವರ್ಷ ಮಾಡಲೇಬೇಕಾದ ಆನ್‌ಲೈನ್ ಟ್ರೈನಿಂಗ್: ಐದಕ್ಕೆ ಎರಡು ಸ್ಟಾರ್

ನಾನು ಕ್ಯಾಲಿಫೋರ್ನಿಯಾದ ಒಂದು ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್‌ನಲ್ಲಿ ಟೀಚರ್‌ಗೆ ಸಹಾಯಕಿ. ಶೂ ಲೇಸ್ ಕಟ್ಟೋದು, ಮೂಗು ಒರೆಸೋದು, ಜಗಳ ಬಿಡಿಸೋದು ನನ್ನ ಕೆಲಸ. ಇದರ ಜೊತೆಗೆ ನಾನು ಮ್ಯಾಂಡೇಟೆಡ್ ರಿಪೋರ್ಟರ್ ಕೂಡ. ಅಂದರೆ ಮಗುವಿಗೆ ಹಿಂಸೆ ಅಥವಾ ನಿರ್ಲಕ್ಷ್ಯ ಆಗುತ್ತಿದೆ ಎಂದು ಅನುಮಾನ ಬರುವಂತಿದ್ದರೆ ಮಕ್ಕಳ ರಕ್ಷಣಾ ಇಲಾಖೆಗೋ ಪೊಲೀಸರಿಗೋ ತಕ್ಷಣ ಫೋನ್ ಮಾಡಬೇಕು, 36 ಗಂಟೆಯೊಳಗೆ ಬರೆದು ಕಳಿಸಬೇಕು. ಇದರ ಟ್ರೈನಿಂಗ್ ಪ್ರತಿ ವರ್ಷ, ಶಾಲೆ ಶುರುವಾಗಿ ಆರು ವಾರದೊಳಗೆ ಮುಗಿಸಬೇಕು. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಇದಕ್ಕೆ ಒಂದು ಖಾಸಗಿ ಕಂಪನಿಯ ಕೋರ್ಸ್ ತೆಗೆದುಕೊಂಡಿದೆ. ಹೆಸರು ಬೇಡ. ನಾನು ಮಾಡುತ್ತಿರುವುದು ಇದು ನಾಲ್ಕನೇ ಸಲ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಮಗು ಏನಾದರೂ ಹೇಳಿಕೊಂಡರೆ ಹೇಗೆ ಕೇಳಿಸಿಕೊಳ್ಳಬೇಕು ಅನ್ನೋ ಭಾಗ ಚೆನ್ನಾಗಿದೆ. ಪೊಲೀಸರ ಥರ ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ, ಮಗುವಿನ ಮಾತನ್ನು ಹಾಗೇ ಬರೆದಿಡಿ. ಪ್ರಿನ್ಸಿಪಾಲ್‌ಗೆ ಹೇಳಿದ ಮಾತ್ರಕ್ಕೆ ನಿಮ್ಮ ಜವಾಬ್ದಾರಿ ಮುಗಿಯಲ್ಲ ಅಂತಲೂ ಸ್ಪಷ್ಟವಾಗಿ ಹೇಳುತ್ತಾರೆ. ವಿಡಿಯೋ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಒಲೆ ಮೇಲೆ ಹಾಲಿಟ್ಟು ನೋಡುವವರಿಗೆ ಅನುಕೂಲ.

ಆಮೇಲೆ ಪೆಟ್ಟಿನ ಗುರುತುಗಳ ಫೋಟೋ ಬರುತ್ತವೆ. ಎಲ್ಲ ಬೆಳ್ಳಗಿನ ಚರ್ಮದ ಮೇಲೆ. ಒಂದೇ ಒಂದು ಕಪ್ಪು ಅಥವಾ ಕಂದು ಬಣ್ಣದ ಕೈ ಇಲ್ಲ. ನನ್ನ ಮಗಳಿಗೆ ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಅಂಗೈ ಅಗಲದ ನೀಲಿ ಮಚ್ಚೆ ಇತ್ತು. ನಮ್ಮಂಥವರ, ಕಪ್ಪು ಜನರ, ಲ್ಯಾಟಿನೋ ಜನರ ಮಕ್ಕಳಲ್ಲಿ ಇದು ಮಾಮೂಲು, ದೊಡ್ಡವರಾಗುತ್ತಾ ಮಾಸಿಹೋಗುತ್ತದೆ. ಡೇಕೇರ್‌ನಲ್ಲಿ ಡಯಾಪರ್ ಬದಲಿಸಿದವಳು 'ಇದು ಹೇಗಾಯ್ತು?' ಅಂತ ಕೇಳಿದಾಗ ನನ್ನ ಬಾಯಿ ಒಣಗಿಹೋಗಿತ್ತು. ಡಾಕ್ಟರ ಚೀಟಿ ತಂದು ತೋರಿಸಿದೆ, ಮುಗಿಯಿತು. ತಕ್ಷಣ ಚೀಟಿ ಕೊಡುವ ಡಾಕ್ಟರು ಇಲ್ಲದ ತಾಯಿ ಏನು ಮಾಡುತ್ತಾಳೆ? ಈ ಮಚ್ಚೆಯ ಬಗ್ಗೆ ಕೋರ್ಸಿನಲ್ಲಿ ಒಂದು ಸಾಲೂ ಇಲ್ಲ.

ಕ್ವಿಜ್ ಇನ್ನೂ ಬೇಜಾರು. ಮಗು ನಾಲ್ಕು ದಿನದಿಂದ ಅದೇ ಸ್ವೆಟರ್‌ನಲ್ಲಿ ಬರುತ್ತಿದೆ, ತಿಂಡಿ ಡಬ್ಬಿ ಖಾಲಿ, ಏನು ಮಾಡುತ್ತೀರಿ? 'ತಾಯಿಯ ಹತ್ತಿರ ಮಾತಾಡಿ, ಏನು ಸಹಾಯ ಬೇಕು ಕೇಳುತ್ತೇನೆ' ಒತ್ತಿದೆ. ಕೆಂಪು ಅಡ್ಡಗೆರೆ ಬಿತ್ತು. ಸರಿಯುತ್ತರ: ಮಕ್ಕಳ ರಕ್ಷಣಾ ಹಾಟ್‌ಲೈನ್‌ಗೆ ಫೋನ್ ಮಾಡಿ. ಅಲ್ಲ ಸ್ವಾಮಿ, ಮನೆಯಲ್ಲಿ ದುಡ್ಡಿಲ್ಲ ಅನ್ನುವುದೊಂದನ್ನೇ ನಿರ್ಲಕ್ಷ್ಯ ಅನ್ನುವಂತಿಲ್ಲ ಅಂತ ಇದೇ ರಾಜ್ಯದ ಕಾನೂನು 2023ರ ಜನವರಿಯಿಂದ ಹೇಳುತ್ತಿದೆ. ಪ್ರಶ್ನೆ ಮಾತ್ರ ಹಳೆಯದೇ.

ಹೋದ ಚಳಿಗಾಲದ್ದು ಒಂದು ಹೇಳಬೇಕು. ನಮ್ಮ ತರಗತಿಯ ಕಪ್ಪು ಹುಡುಗನೊಬ್ಬ ಎರಡು ದಿನ ಸಾಕ್ಸ್ ಇಲ್ಲದೆ ಬಂದ. ನನ್ನ ಕೈ ಫೋನಿನ ಹತ್ತಿರ ಹೋಗಿತ್ತು. ಅದರ ಹಿಂದಿನ ವಾರ ಇಂಜಿನಿಯರ್ ಮನೆಯ ಹುಡುಗನೂ ಬರಿಗಾಲಿಗೇ ಶೂ ಹಾಕಿಕೊಂಡು ಬಂದಿದ್ದ. ಆಗ 'ಬೆಳಿಗ್ಗೆ ಗಡಿಬಿಡಿ ಇರಬೇಕು ಪಾಪ' ಅಂದುಕೊಂಡು ಸುಮ್ನೆ ನಕ್ಕಿದ್ದೆ. ಸಂಜೆ ಆ ಕಪ್ಪು ಹುಡುಗನನ್ನು ಕರೆದುಕೊಂಡು ಹೋಗಲು ಬಂದ ಅಜ್ಜಿಯನ್ನು ಕೇಳಿದೆ. ಬಿಲ್ಡಿಂಗಿನ ವಾಷಿಂಗ್ ಮಷೀನ್ ಕೆಟ್ಟು ವಾರವಾಗಿತ್ತು. ಅಷ್ಟೇ.

ಇದು ನನ್ನೊಬ್ಬಳ ಮನಸ್ಸಿನ ಸಮಸ್ಯೆ ಆಗಿದ್ದರೆ ಬಿಡಬಹುದಿತ್ತು. 2017ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ, ಅಮೆರಿಕದ ನೂರು ಮಕ್ಕಳಲ್ಲಿ ಸುಮಾರು 37 ಮಕ್ಕಳ ಮನೆಗೆ ಅವರಿಗೆ 18 ತುಂಬುವುದರೊಳಗೆ ಒಮ್ಮೆಯಾದರೂ ಮಕ್ಕಳ ರಕ್ಷಣಾ ಇಲಾಖೆಯ ತನಿಖೆ ಬರುತ್ತದೆ. ಕಪ್ಪು ಮಕ್ಕಳಲ್ಲಿ ಅದು 53. ದೇಶದ ಮಕ್ಕಳಲ್ಲಿ ಕಪ್ಪು ಮಕ್ಕಳು ಸುಮಾರು ಶೇ. 14, ಫಾಸ್ಟರ್ ಕೇರ್‌ನಲ್ಲಿ (ಮನೆಯಿಂದ ತೆಗೆದು ಬೇರೆಯವರ ಆರೈಕೆಗೆ ಕೊಟ್ಟ ಮಕ್ಕಳಲ್ಲಿ) ಶೇ. 22ರ ಆಸುಪಾಸು. ಜುವೆನೈಲ್ ಜೈಲುಗಳಲ್ಲಿ ಅಂತರ ಇನ್ನೂ ಜಾಸ್ತಿ. ಅಲ್ಲಿನ ಈ ಅಸಮತೋಲನ ನೋಡಿ ಸರಿಪಡಿಸಿ ಅಂತ ಕೇಂದ್ರದ ಕಾನೂನು ರಾಜ್ಯಗಳಿಗೆ 1988ರಲ್ಲೇ ಹೇಳಿದೆ. ಶಾಲೆಯಿಂದ ಹೋಗುವ ಫೋನು ಇದೆಲ್ಲದರ ಬಾಗಿಲಲ್ಲಿ ನಿಂತಿರುತ್ತದೆ, ಅಲ್ವಾ?

ಆದರೆ ಕೋರ್ಸಿನ ತಕ್ಕಡಿ ಒಂದೇ ಕಡೆ ವಾಲಿದೆ. ಫೋನ್ ಮಾಡದಿದ್ದರೆ ಆರು ತಿಂಗಳವರೆಗೆ ಜೈಲು, 1,000 ಡಾಲರ್‌ವರೆಗೆ ದಂಡ ಅಂತ ಮೂರು ಸಲ ಬರುತ್ತದೆ. ಫೋನ್ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ ಅಂತ ಎರಡು ಸಲ. ಸುಮ್ಮಸುಮ್ಮನೆ ಮಾಡಿದ ಫೋನಿನಿಂದ ಆ ಮನೆಯಲ್ಲಿ ಏನಾಗುತ್ತದೆ, ಯಾರೋ ಬಂದು ಫ್ರಿಜ್ ತೆಗೆದು ನೋಡುವಾಗ ಮಗು ಎಲ್ಲಿ ನಿಂತಿರುತ್ತದೆ ಅನ್ನುವುದು ಎಲ್ಲೂ ಇಲ್ಲ. ಪೂರ್ವಗ್ರಹದ ಬಗ್ಗೆ ಕೊನೆಯಲ್ಲಿ ಕಾಟಾಚಾರಕ್ಕೆ ಒಂದು ಸ್ಲೈಡ್ ಇದೆ: ಬೇರೆ ಬೇರೆ ಬಣ್ಣದ ಕೈಗಳು ಒಂದರ ಮೇಲೊಂದು. ನೆಕ್ಸ್ಟ್ ಒತ್ತಿದರೆ ಕ್ವಿಜ್.

ಪಾಸಾಗಲು ಶೇ. 80 ಬೇಕಿತ್ತು, ನನಗೆ ಬಂದಿದ್ದು 75. ಎರಡನೇ ಸಲ ಸ್ವೆಟರ್ ಪ್ರಶ್ನೆಗೆ ಅವರಿಗೆ ಬೇಕಾದ ಉತ್ತರವನ್ನೇ ಒತ್ತಿದೆ. ಸರ್ಟಿಫಿಕೇಟ್ ಬಂತು, ಪ್ರಿಂಟ್ ತೆಗೆದು ಆಫೀಸಿಗೆ ಕೊಟ್ಟೆ.